ಬ್ರೋಕರಣ್ಣನಿಗೆ ಕಾನೂನು ಕಲಿಸಬೇಡಿ

ಮಹಾರಾಷ್ಟ್ರದ ರಿಯಲ್ ಎಸ್ಟೇಟ್ ನಿಯಂತ್ರಣ ಪ್ರಾಧಿಕಾರ (ರೇರಾ) 2023ರಲ್ಲಿ ಒಂದು ಅಪಶಕುನದ ಆದೇಶ ಹೊರಡಿಸಿತು. ರಿಯಲ್ ಎಸ್ಟೇಟ್ ಏಜೆಂಟ್ ಅನ್ನಿಸಿಕೊಳ್ಳಬೇಕಾದರೆ ತರಬೇತಿಗೆ ಕೂರಬೇಕು, ಪರೀಕ್ಷೆ ಬರೆಯಬೇಕು, ಪಾಸಾಗಬೇಕು. ಪ್ರಮಾಣಪತ್ರ ಕೈಗೆ ಬಂದಮೇಲೆಯೇ ನೋಂದಣಿ. ಮೊಮ್ಮಕ್ಕಳನ್ನು ಟ್ಯೂಷನ್ನಿಗೆ ಬಿಟ್ಟು ಬರುವ ವಯಸ್ಸಿನವರು ತಾವೇ ಪುಸ್ತಕ ಹಿಡಿದು ಕೂರುವಂತಾಯಿತು. ಈ ಪಿಡುಗು ಗಡಿಯ ಕೊಗನೋಳಿ ಟೋಲ್ ದಾಟಿ ಇತ್ತ ಬಂದರೆ ಬೆಂಗಳೂರಿನ ಗತಿಯೇನು? ಬೇರೆ ಊರುಗಳು ಮಳೆಬೆಳೆಯ ಮೇಲೋ ಕಾರ್ಖಾನೆಯ ಮೇಲೋ ನಿಂತಿರುತ್ತವೆ. ನಮ್ಮ ಊರು ಸೈಟಿನ ಮೇಲೆ ನಿಂತಿದೆ. ಸೈಟು ಬ್ರೋಕರಣ್ಣನ ಮೇಲೆ ನಿಂತಿದೆ. ಬ್ರೋಕರಣ್ಣ ತನಗೆ ಗೊತ್ತಿಲ್ಲದ ಕಾನೂನಿನ ಮೇಲೆ ನಿಂತಿದ್ದಾನೆ. ಅವನಿಗೆ ಓದು ಕಲಿಸಲು ಹೊರಟವರು ಅಡಿಪಾಯಕ್ಕೇ ಕೈ ಹಾಕುತ್ತಿದ್ದಾರೆ.

ಅವನನ್ನು ನೀವು ಬಲ್ಲಿರಿ. ಬೆಳಗ್ಗೆ ಒಂಬತ್ತಕ್ಕೆ ಬೇಕರಿ ಮುಂದೆ ಬೈ-ಟು ಟೀ ಹಿಡಿದು ನಿಂತಿರುತ್ತಾನೆ. ಎರಡು ಫೋನು, ಒಂದು ಸ್ಕೂಟರು, ಸೀಟಿನ ಕೆಳಗೆ ಪ್ಲಾಸ್ಟಿಕ್ ಕವರಿನಲ್ಲಿ ಜೆರಾಕ್ಸ್ ಸೆಟ್ಟು. ಅದು ಜೆರಾಕ್ಸಿನ ಜೆರಾಕ್ಸಾದ್ದರಿಂದ ಸರ್ವೆ ನಂಬರಿನ ಕೊನೆಯ ಅಂಕಿ ಮೂರೋ ಎಂಟೋ ಎಂಬುದು ಓದುವವನ ಶ್ರದ್ಧೆಗೆ ಬಿಟ್ಟದ್ದು. ಅವನನ್ನು ದಡ್ಡ ಅಂದವರೇ ದಡ್ಡರು. ಓನರಿಗೆ ಎಷ್ಟು ಸಾಲವಿದೆ, ಮಗಳ ಮದುವೆ ಯಾವ ತಿಂಗಳು, ಅಣ್ಣತಮ್ಮಂದಿರು ಯಾವ ಹಬ್ಬದಲ್ಲಿ ಕಿತ್ತಾಡಿಕೊಂಡು ಮಾತು ಬಿಟ್ಟರು, ಎಷ್ಟಕ್ಕೆ ಕೂಗಿದರೆ ಎಷ್ಟಕ್ಕೆ ಇಳಿಯುತ್ತಾರೆ, ಎಲ್ಲವೂ ಅವನಿಗೆ ಬಾಯಿಪಾಠ. ಕಾನೂನನ್ನು ಮಾತ್ರ ಅವನು ನಾಲ್ಕೇ ಪದಗಳಲ್ಲಿ ಸಂಗ್ರಹಿಸಿ ಇಟ್ಟುಕೊಂಡಿದ್ದಾನೆ: "ಡಾಕ್ಯುಮೆಂಟ್ ಎಲ್ಲಾ ಪಕ್ಕಾ ಸಾರ್."

ಇಂಥವನ ಕೈಗೆ 1882ರ ಸ್ವತ್ತು ವರ್ಗಾವಣೆ ಕಾಯ್ದೆ ಕೊಟ್ಟು 54ನೇ ಕಲಂ ಓದಪ್ಪ ಅಂದರೆ ಏನಾಗುತ್ತದೆ ನೋಡಿ. ನೂರು ರೂಪಾಯಿ ಅಥವಾ ಅದಕ್ಕೆ ಮೇಲ್ಪಟ್ಟ ಬೆಲೆಯ ಸ್ಥಿರಾಸ್ತಿಯನ್ನು ನೋಂದಾಯಿತ ಪತ್ರದ ಮೂಲಕವೇ ಮಾರಬೇಕು ಎನ್ನುತ್ತದೆ ಅದು. ನೂರು ರೂಪಾಯಿ! ವಿಕ್ಟೋರಿಯಾ ರಾಣಿಯ ಕಾಲದ ಆ ಅಂಕಿಯನ್ನು ನಮ್ಮಲ್ಲಿ ಇವತ್ತಿನವರೆಗೆ ಯಾರೂ ಮುಟ್ಟಿಲ್ಲ. ಈಗ ಆ ದುಡ್ಡಿಗೆ ದರ್ಶಿನಿಯಲ್ಲಿ ಒಂದು ಮಸಾಲೆ ದೋಸೆ, ಒಂದು ಕಾಫಿ. ಅದೇ ಕಲಮಿನ ಮುಂದಿನ ಮಾತು ಇನ್ನೂ ಅಪಾಯಕಾರಿ: ಕ್ರಯದ ಕರಾರು ಅನ್ನುವುದು ಅಷ್ಟರಿಂದಲೇ ಸ್ವತ್ತಿನಲ್ಲಿ ಯಾವ ಹಕ್ಕನ್ನೂ ಹುಟ್ಟಿಸುವುದಿಲ್ಲ. ಇಲ್ಲಿಯ ತನಕ ನಮ್ಮ ಬ್ರೋಕರಣ್ಣ ಎದೆ ತಟ್ಟಿ, "ಅಗ್ರಿಮೆಂಟ್ ಆಯ್ತು ಅಂದ್ರೆ ಸೈಟು ನಿಮ್ದೇ ಸಾರ್, ಒಳ್ಳೆ ದಿನ ನೋಡಿ ಪೂಜೆ ಮಾಡಿಸಿಬಿಡಿ" ಅನ್ನುತ್ತಿದ್ದ. ಕಾನೂನು ಓದಿದ ಮರುದಿನ ಹೀಗೆ ಹೇಳಬೇಕಾಗುತ್ತದೆ: "ಸಾರ್, ಈ ಹತ್ತು ಲಕ್ಷ ಅಡ್ವಾನ್ಸಿಗೆ ಸೈಟು ಬರಲ್ಲ. ಓನರ್ ಕೈಕೊಟ್ಟರೆ ಅವರ ಮೇಲೆ ದಾವೆ ಹಾಕೋ ಅವಕಾಶ ಬರುತ್ತೆ. ಅದೂ ಮೂರು ವರ್ಷದೊಳಗೆ ಹಾಕ್ಕೋಬೇಕು." ಇದನ್ನು ಕೇಳಿದಮೇಲೂ ಟೋಕನ್ ಅಡ್ವಾನ್ಸ್ ಕೊಡುವ ಮಹಾತ್ಮ ಯಾವ ಬಡಾವಣೆಯಲ್ಲಿದ್ದಾನೆ?

ಹೋಗಲಿ, ಶುದ್ಧ ಕ್ರಯಪತ್ರವೇ ಆಗುತ್ತಿದೆ ಅನ್ನಿ. ಉಪನೋಂದಣಾಧಿಕಾರಿ ಕಚೇರಿಯಲ್ಲಿ ಕ್ಯಾಮೆರಾ ಮುಂದೆ ಮುಖ ತೋರಿಸಿ, ಹೆಬ್ಬೆರಳು ಒತ್ತಿ, ಮುದ್ರಾಂಕ ಶುಲ್ಕ ಕಟ್ಟಿ ಹೊರಗೆ ಬಂದ ನಿಮ್ಮ ಬೆನ್ನು ತಟ್ಟಿ ಬ್ರೋಕರಣ್ಣ, "ಸರ್ಕಾರನೇ ಸೀಲ್ ಹೊಡೆದ ಮೇಲೆ ಇನ್ನೇನು ಸಾರ್?" ಅನ್ನುತ್ತಾನೆ. ಪಾಪ, ಅವನ ತಪ್ಪಲ್ಲ. ಸರ್ಕಾರ ಸೀಲ್ ಹೊಡೆಯುವುದು ಪತ್ರದ ಮೇಲೆ, ಹಕ್ಕಿನ ಮೇಲಲ್ಲ ಎಂಬ ರಹಸ್ಯವನ್ನು ನಾಡಿನ ದೊಡ್ಡ ದೊಡ್ಡ ಓದಿದವರಿಗೇ ಯಾರೂ ಹೇಳಿಕೊಟ್ಟಿಲ್ಲ. 1908ರ ನೋಂದಣಿ ಕಾಯ್ದೆಯ ಪ್ರಕಾರ ಆ ಮೇಜಿನ ಹಿಂದೆ ಕೂತವರ ಮುಖ್ಯ ಚಿಂತೆ, ಬಂದವರು ತಾವೇ ಹೌದೇ, ಸಹಿ ಹಾಕಿದ್ದು ಒಪ್ಪಿದರೇ, ಶುಲ್ಕ ಸರಿಯಾಗಿದೆಯೇ ಎಂಬುದು. ಮಾರುವವರಿಗೆ ಮಾರುವ ಹಕ್ಕಿದೆಯೇ ಎಂದು ತೀರ್ಮಾನಿಸುವುದು ಅವರ ಕೆಲಸವಲ್ಲ. ತಮಿಳುನಾಡಿನವರು ಹಾಗೊಂದು ನಿಯಮ ಮಾಡಿಕೊಂಡು, ಮೂಲಪತ್ರ ತಂದು ಹಕ್ಕು ತೋರಿಸದಿದ್ದರೆ ನೋಂದಣಿ ಇಲ್ಲ ಅಂದಿದ್ದರು. 2025ರ ಏಪ್ರಿಲಿನಲ್ಲಿ ಸುಪ್ರೀಂ ಕೋರ್ಟು ಆ ನಿಯಮವನ್ನೇ ರದ್ದು ಮಾಡಿತು: ಬರೆದುಕೊಡುವವನಿಗೆ ಹಕ್ಕೇ ಇಲ್ಲದಿದ್ದರೂ ಆ ಕಾರಣಕ್ಕೆ ನೋಂದಣಿ ನಿರಾಕರಿಸುವಂತಿಲ್ಲ, ಇಲ್ಲದ ಹಕ್ಕು ಪತ್ರದಿಂದ ದಾಟುವುದೂ ಇಲ್ಲ. ನ್ಯಾಯವಾಗಿಯೇ ಇದೆ. ಕೊಂಡವನ ಕೈಯಲ್ಲಿ ಅಂದವಾದ ಪತ್ರವಿರುತ್ತದೆ, ಲ್ಯಾಮಿನೇಷನ್ ಮಾಡಿಸಬಹುದು.

2025ರ ಆಗಸ್ಟ್ 31ರಿಂದ ಕರ್ನಾಟಕದಲ್ಲಿ ನೋಂದಣಿ ಶುಲ್ಕ ಒಂದು ಪರ್ಸೆಂಟಿನಿಂದ ಎರಡಕ್ಕೇರಿತು. ಅಂದು ಬೇಕರಿ ಮುಂದೆ ನಮ್ಮವನ ಮುಖದಲ್ಲಿ ಸಮಾನಮನಸ್ಕರನ್ನು ಕಂಡ ಸಂತೋಷವಿತ್ತು. ಅವನ ರೇಟೂ ಎರಡೇ. ಹಕ್ಕು ನೋಡದೆ, ಮುಂದೇನಾದರೂ ಆದರೆ ಹೊಣೆ ಹೊರದೆ, ವ್ಯವಹಾರ ಮುಗಿದ ದಿನವೇ ಎರಡು ಪರ್ಸೆಂಟ್ ಎಣಿಸಿಕೊಳ್ಳುವವರು ಈ ಊರಿನಲ್ಲಿ ಈಗ ಇಬ್ಬರಿದ್ದಾರೆ. ಒಬ್ಬರು ರಸೀತಿ ಕೊಡುತ್ತಾರೆ ಎಂಬುದಷ್ಟೇ ವ್ಯತ್ಯಾಸ. ಇನ್ನೊಬ್ಬ ಎರಡೂ ಕಡೆಯಿಂದ ತೆಗೆದುಕೊಳ್ಳುತ್ತಾನೆ ಎಂದು ಕೆಲವರು ಆಕ್ಷೇಪಿಸಬಹುದು. ಅಷ್ಟು ಓಡಾಡಿದ್ದಕ್ಕೆ ಪೆಟ್ರೋಲ್ ಖರ್ಚಾದರೂ ಬೇಡವೆ?

ಬ್ರೋಕರಣ್ಣನ ಶಾಸ್ತ್ರದಲ್ಲಿ ಇಸಿ, ಅಂದರೆ ಋಣಭಾರ ಪ್ರಮಾಣಪತ್ರ, ಎಂಬುದಕ್ಕೆ ತುಳಸಿ ತೀರ್ಥದ ಸ್ಥಾನ. ನೋಂದಣಿ ಇಲಾಖೆಯ ಕಾವೇರಿ ತಂತ್ರಾಂಶದಲ್ಲಿ ಕೂತಲ್ಲೇ ತೆಗೆಯಬಹುದು. ಆನ್‌ಲೈನಿನಲ್ಲಿ ಸಿಗುವುದು 2004ರ ಏಪ್ರಿಲಿನಿಂದ ಈಚಿನದು. ಹಾಗಾಗಿ ಅವನ ಮಟ್ಟಿಗೆ ಜಗತ್ತು ಸೃಷ್ಟಿಯಾದದ್ದೇ ಅಂದು. ಅದಕ್ಕೆ ಹಿಂದಿನದು ಪುರಾಣಕಾಲ. ಆ ಕಾಲದಲ್ಲಿ ಮುತ್ತಜ್ಜ ಯಾರಿಗೆ ಬರೆದುಕೊಟ್ಟ, ವಿಭಾಗಪತ್ರದಲ್ಲಿ ಯಾರ ಪಾಲಿಗೆ ಯಾವ ದಿಕ್ಕು ಬಂತು, ಮೈನರ್ ಮಗನ ಪಾಲನ್ನು ಯಾರ ಅನುಮತಿಯಿಲ್ಲದೆ ಮಾರಿದರು ಎಂದೆಲ್ಲ ತಿಳಿಯಬೇಕಾದರೆ ಕಚೇರಿಗೆ ಅರ್ಜಿ ಹಾಕಿ ಹಳೇ ಪುಸ್ತಕ ತೆಗೆಸಬೇಕು, ಧೂಳು ಕುಡಿಯಬೇಕು. ವಕೀಲರು ಮೂವತ್ತು ವರ್ಷದ ಇಸಿ ಕೇಳುತ್ತಾರೆ. "ವಕೀಲರಿಗೇನು ಸಾರ್, ಕೇಳ್ತಾರೆ. ಅವರಿಗೆ ವ್ಯವಹಾರ ಆಗೋದು ಬೇಡ." ಇಸಿಯಲ್ಲಿ ಕಾಣುವುದು ನೋಂದಣಿಯಾದ ವ್ಯವಹಾರ ಮಾತ್ರ. ನ್ಯಾಯಾಲಯದಲ್ಲಿ ನಡೆಯುತ್ತಿರುವ ದಾವೆ ಸಾಮಾನ್ಯವಾಗಿ ಅದರೊಳಗೆ ಬರುವುದಿಲ್ಲ. ದಾವೆ ನಡೆಯುವಾಗ ಕೊಂಡವನಿಗೆ ಅದರ ತೀರ್ಪು ತಗುಲಿಯೇ ತಗುಲುತ್ತದೆ, ಗೊತ್ತಿರಲಿಲ್ಲ ಅಂದರೂ ಬಿಡುವುದಿಲ್ಲ ಎಂದು ಅದೇ 1882ರ ಕಾಯ್ದೆಯ 52ನೇ ಕಲಂ ಹೇಳುತ್ತದೆ. ಇಂಥ ಅಪಶಬ್ದಗಳನ್ನು ಸೈಟು ನೋಡಲು ಹೆಂಡತಿ ಮಕ್ಕಳೊಂದಿಗೆ ಬಂದವರ ಮುಂದೆ ಆಡುವುದು ಸಭ್ಯತೆಯೇ?

ಇನ್ನು ಜಿಪಿಎ. ಈ ಒಂದು ವಿಷಯದಲ್ಲಿ ಬ್ರೋಕರಣ್ಣನಿಗೆ ಜ್ಞಾನೋದಯವಾಗಿಬಿಟ್ಟರೆ ಬೆಂಗಳೂರು ದಕ್ಷಿಣ ತಾಲ್ಲೂಕಿನ ಅರ್ಧ ಭಾಗಕ್ಕೆ ತಲೆ ತಿರುಗಿ ಬೀಳುತ್ತದೆ. ಹೊಲವನ್ನು ಹೊಲವಾಗಿಯೇ ಇಟ್ಟು, ನಡುವೆ ಸುಣ್ಣದ ಗೆರೆ ಎಳೆದು, ಕಲ್ಲು ನೆಟ್ಟು, ಲೇಔಟಿಗೆ ಒಂದು ದೇವರ ಹೆಸರಿಟ್ಟು ಮಾರಿದ ಕಾಲದಲ್ಲಿ ಕ್ರಯಪತ್ರ ಮಾಡಿಸುವುದು ಕಷ್ಟವಿತ್ತು. ಭೂಪರಿವರ್ತನೆ ಇಲ್ಲ, ನಕ್ಷೆಗೆ ಒಪ್ಪಿಗೆ ಇಲ್ಲ. ಹಾಗಾಗಿ ಓನರಿಂದ ಒಂದು ಜನರಲ್ ಪವರ್ ಆಫ್ ಅಟಾರ್ನಿ, ಒಂದು ಕ್ರಯದ ಕರಾರು, ಒಂದು ಅಫಿಡವಿಟ್ಟು. ಮೂರನ್ನೂ ಸೇರಿಸಿ ಪಿನ್ನು ಹೊಡೆದರೆ ಸೈಟು ಎಂದು ನಂಬಲಾಯಿತು. 2011ರಲ್ಲಿ ಸೂರಜ್ ಲ್ಯಾಂಪ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಈ ಪಿನ್ನನ್ನು ಕಿತ್ತಿತು. ಜಿಪಿಎ, ಕರಾರು, ಉಯಿಲು, ಇವುಗಳಿಂದ ಒಡೆತನ ದಾಟುವುದಿಲ್ಲ, ನೋಂದಾಯಿತ ಕ್ರಯಪತ್ರವೇ ಬೇಕು ಎಂದಿತು. ಆಗ ಬ್ರೋಕರಣ್ಣ ಹೇಳಿದ್ದು, "ಅದು ಡೆಲ್ಲಿ ಹರಿಯಾಣ ಕಡೆ ಕೇಸು ಸಾರ್. ನಮ್ಮ ಕರ್ನಾಟಕಕ್ಕೆ ಬರಲ್ಲ."

ಬಂತು. ಉತ್ತರಹಳ್ಳಿ ಹೋಬಳಿ ಚುಂಚಘಟ್ಟದ ಒಂದು ಸೈಟಿನ ಕತೆಯನ್ನು ಅದೇ ನ್ಯಾಯಾಲಯ 2025ರ ಫೆಬ್ರವರಿಯಲ್ಲಿ ಮುಗಿಸಿತು. ಓನರು 1986ರಲ್ಲಿ ಜಿಪಿಎಯನ್ನೂ ಕರಾರನ್ನೂ ಬರೆದುಕೊಟ್ಟಿದ್ದರು. 1997ರಲ್ಲಿ ತೀರಿಕೊಂಡರು. ಪವರ್ ಹಿಡಿದವರು 1998ರಲ್ಲಿ, ಅದೇ ಪವರಿನ ಬಲದ ಮೇಲೆ, ಮಗನಿಗೆ ಕ್ರಯಪತ್ರ ನೋಂದಾಯಿಸಿಕೊಟ್ಟರು. ಅತ್ತ ಓನರ ವಾರಸುದಾರರು ಬೇರೆಯವರಿಗೆ ಮಾರಿದರು. ಕೊಟ್ಟವರ ಉಸಿರಿನೊಂದಿಗೇ ಆ ಪವರ್ ಮುಗಿಯಿತು, ಕರಾರಿನಿಂದ ಒಡೆತನ ಹುಟ್ಟಲಿಲ್ಲ, ಮುಗಿದ ಪವರಿನಿಂದ ಬರೆದ ಪತ್ರಕ್ಕೆ ಬೆಲೆಯಿಲ್ಲ ಎಂದಿತು ನ್ಯಾಯಾಲಯ. ಪವರಿನಲ್ಲೇ ಹಿಡಿದವರ ಸ್ವಂತ ಹಿತ ಬೆಸೆದುಕೊಂಡಿದ್ದರೆ ಮಾತು ಬೇರೆಯಾಗುತ್ತಿತ್ತು. ಇಲ್ಲಿ ಅದೂ ಇರಲಿಲ್ಲ. 1986ರಿಂದ 2025. ಒಂದು ಸೈಟಿನ ಜಗಳಕ್ಕೆ ಒಬ್ಬ ಗುಮಾಸ್ತನ ಇಡೀ ಸರ್ವೀಸು. ಈಗ ಬ್ರೋಕರಣ್ಣ ಹೇಳುತ್ತಾನೆ: "ಅದು ಚುಂಚಘಟ್ಟದ ಕೇಸು ಸಾರ್. ನಮ್ಮ ಲೇಔಟು ಕೋಣನಕುಂಟೆಗೆ ಬರುತ್ತೆ."

ವಂಶವೃಕ್ಷ ಎಂಬ ಕಾಗದವನ್ನು ನೋಡಿದ್ದೀರಾ? ಬ್ರೋಕರಣ್ಣ ತರುವ ಪ್ರತಿಯಲ್ಲಿ ತಲೆಮಾರುಗಟ್ಟಲೆ ಗಂಡುಮಕ್ಕಳೇ ಹುಟ್ಟಿರುತ್ತಾರೆ. ಹೆಣ್ಣುಮಕ್ಕಳಿದ್ದರಲ್ಲ ಎಂದರೆ, "ಇದಾರೆ ಸಾರ್, ಮೂರು ಜನ. ಮದುವೆ ಮಾಡಿ ಕಳಿಸಿದಾರೆ. ಒಬ್ಬರು ಮಂಡ್ಯ, ಇಬ್ಬರು ಚನ್ನಪಟ್ಟಣ. ಒಳ್ಳೆ ಜನ, ಏನೂ ಕೇಳಲ್ಲ." ಕೇಳುವುದಿಲ್ಲ ಎಂಬುದು ಅಕ್ಷರಶಃ ನಿಜ, ಮೆಟ್ರೋ ಬರುವ ತನಕ. ಪಿತ್ರಾರ್ಜಿತ ಆಸ್ತಿಯಲ್ಲಿ ಮದುವೆಯಾಗದ ಹೆಣ್ಣುಮಕ್ಕಳಿಗೆ ಕರ್ನಾಟಕ 1994ರಲ್ಲೇ ಗಂಡುಮಕ್ಕಳ ಸಮ ಪಾಲು ಕೊಟ್ಟಿತ್ತು. 2005ರ ಕೇಂದ್ರದ ತಿದ್ದುಪಡಿ ಮದುವೆಯ ಷರತ್ತನ್ನೂ ತೆಗೆಯಿತು. ಆ ಹಕ್ಕು ಹುಟ್ಟಿನಿಂದಲೇ ಬರುತ್ತದೆ, 2005ರಲ್ಲಿ ತಂದೆ ಬದುಕಿರಲೇಬೇಕೆಂದಿಲ್ಲ ಎಂದು 2020ರಲ್ಲಿ ಸುಪ್ರೀಂ ಕೋರ್ಟು ಉಳಿದ ಅನುಮಾನವನ್ನೂ ತೀರಿಸಿತು. 2004ರ ಡಿಸೆಂಬರ್ 20ಕ್ಕೂ ಮೊದಲೇ ಕ್ರಮವಾಗಿ ಆಗಿಹೋದ ವಿಭಾಗ, ಮಾರಾಟಗಳಿಗೆ ಮಾತ್ರ ರಕ್ಷಣೆ. ಅಂದರೆ ಮಂಡ್ಯದ ಒಬ್ಬರಿಗೂ ಚನ್ನಪಟ್ಟಣದ ಇಬ್ಬರಿಗೂ ಮರ್ಯಾದೆಯಿಂದ ಪಾಲು ಕೊಟ್ಟು, ಕ್ರಯಪತ್ರಕ್ಕೆ ಸಹಿ ಹಾಕಿಸಬೇಕು, ಇಲ್ಲವೇ ಹಕ್ಕು ಬಿಡುಗಡೆ ಪತ್ರ ಬರೆಸಬೇಕು. ತಮ್ಮಂದಿರು ಅಕ್ಕಂದಿರಿಗೆ ಗೌರಿ ಹಬ್ಬದ ಬಾಗಿನ ಕೊಡುವುದನ್ನೇ ನಿಲ್ಲಿಸಿರುವಾಗ ಇಂಥ ಮಾತೆತ್ತಿ ಮನೆ ಒಡೆಯುವ ಪಾಪ ಬ್ರೋಕರಣ್ಣನಿಗೇಕೆ? ದಾವೆ ಹಾಕಿ ಒಡೆಯಲಿ, ಅದಕ್ಕೊಂದು ಕ್ರಮವಿದೆ.

ಪರಿಶಿಷ್ಟ ಜಾತಿ, ಪಂಗಡದವರಿಗೆ ಸರ್ಕಾರ ಮಂಜೂರು ಮಾಡಿದ ಜಮೀನಿನ ವಿಷಯವಂತೂ ಅವನು ಉಸಿರೇ ಎತ್ತುವುದಿಲ್ಲ. 1978ರ ಪಿಟಿಸಿಎಲ್ ಕಾಯ್ದೆ ಪ್ರಕಾರ ಸರ್ಕಾರದ ಅನುಮತಿಯಿಲ್ಲದೆ ಅದನ್ನು ಮಾರಿದರೆ ಮಾರಾಟವೇ ಅಸಿಂಧು, ಜಮೀನು ಮೂಲ ಮಂಜೂರಿದಾರರ ಕುಟುಂಬಕ್ಕೆ ಮರಳಬೇಕು. ಬಹಳ ವರ್ಷ ಕಳೆಯಿತು ಎಂದು ನುಣುಚಿಕೊಳ್ಳುವ ದಾರಿಯನ್ನೂ 2023ರ ತಿದ್ದುಪಡಿ ಮುಚ್ಚಲು ಹೊರಟಿತು. ಪಹಣಿ, ಮಂಜೂರಾತಿ ಕಡತ ನೋಡಿದರೆ ಇದು ಗೊತ್ತಾಗುತ್ತದೆ. ಆದ್ದರಿಂದ ನೋಡುವುದಿಲ್ಲ. ಬಡವನ ನೆಲವನ್ನು ಬಡವನ ಹೆಸರು ಹೇಳದೆ ಮಾರುವುದಕ್ಕೆ ನಾಲ್ಕು ಕೈ ದಾಟಿಸಿದರೆ ಸಾಕು. ಐದನೆಯವನ ಹೊತ್ತಿಗೆ ಎಲ್ಲರೂ ಸಜ್ಜನರೇ ಆಗಿರುತ್ತಾರೆ.

ಖಾತೆಯ ಮಹಿಮೆ ಬೇರೆಯೇ. ಅದು ತೆರಿಗೆ ಯಾರು ಕಟ್ಟಬೇಕು ಎಂಬ ಲೆಕ್ಕ. ಒಡೆತನದ ಪತ್ರವಲ್ಲ ಎಂದು ನ್ಯಾಯಾಲಯಗಳು ಹೇಳಿ ಹೇಳಿ ದಣಿದಿವೆ. ಬೆಂಗಳೂರಿನಲ್ಲಂತೂ ಅದಕ್ಕೆ ಎ, ಬಿ ಎಂದು ವರ್ಣಾಶ್ರಮ. ಬಿ ಖಾತೆಯ ಸೈಟು ತೋರಿಸುವಾಗ ಬ್ರೋಕರಣ್ಣನ ದನಿಯಲ್ಲಿ ಪ್ರವಾದಿಯ ಕಂಪನವಿರುತ್ತದೆ: "ಇನ್ನಾರು ತಿಂಗಳಲ್ಲಿ ಎ ಆಗುತ್ತೆ ಸಾರ್." ಅಕ್ರಮ ಸಕ್ರಮಕ್ಕೆ ಕಾನೂನು ಬಂದದ್ದು 2007ರಲ್ಲಿ. ಹೈಕೋರ್ಟು ಅದನ್ನು ಎತ್ತಿಹಿಡಿದದ್ದು 2016ರ ಡಿಸೆಂಬರಿನಲ್ಲಿ. ಸುಪ್ರೀಂ ಕೋರ್ಟು ತಡೆ ಕೊಟ್ಟದ್ದು ಮರುತಿಂಗಳು. ಆ ಇಡೀ ಅವಧಿಯಲ್ಲಿ ಅವನ ಆರು ತಿಂಗಳು ಒಂದು ದಿನವೂ ಕಡಿಮೆಯಾಗಲಿಲ್ಲ. ಕೊನೆಗೆ 2025ರಲ್ಲಿ ಸರ್ಕಾರವೇ ಶುಲ್ಕ ಕಟ್ಟಿಸಿಕೊಂಡು ಬಿಯನ್ನು ಎ ಮಾಡುವ ಯೋಜನೆ ತಂದಾಗ ಅವನು ಬೇಕರಿಯಲ್ಲಿ ಎಲ್ಲರಿಗೂ ದಿಲ್‌ಪಸಂದ್ ಕೊಡಿಸಿದನಂತೆ. ಎ ಆದರೂ ಹಕ್ಕು ಹುಟ್ಟುವುದಿಲ್ಲವಲ್ಲ ಎಂದು ಯಾರೋ ತಗಾದೆ ತೆಗೆದರು. ಅಂಥವರನ್ನು ಗುಂಪಿಗೆ ಸೇರಿಸಿಕೊಳ್ಳುವುದೇ ತಪ್ಪು.

ದುಡ್ಡಿನ ಮಾತಿಗೆ ಬರೋಣ. ಕ್ರಯಪತ್ರದಲ್ಲಿ ಮಾರ್ಗಸೂಚಿ ಬೆಲೆ, ಉಳಿದದ್ದು ಚೀಲದಲ್ಲಿ. ಬಿಳಿ ಎಷ್ಟು, ಕಪ್ಪು ಎಷ್ಟು ಎಂದು ಬ್ರೋಕರಣ್ಣ ಮಾತಾಡುವಾಗ ಪಕ್ಕದವರಿಗೆ ಎಮ್ಮೆ ವ್ಯಾಪಾರ ಅನ್ನಿಸಬೇಕು. ಬೆಂಗಳೂರಿನ ಹಳೆಯ ಶಿಕ್ಷಣ ಸಂಸ್ಥೆ ಆರ್‌ಬಿಎಎನ್‌ಎಂಎಸ್ ಅನುಭವಿಸುತ್ತಿದ್ದ ಆಸ್ತಿಯನ್ನು ತಾವು ಬೇರೆ ಯಾರಿಂದಲೋ ಕೊಳ್ಳಲು ಕರಾರು ಮಾಡಿಕೊಂಡಿದ್ದೇವೆ, 75 ಲಕ್ಷ ರೂಪಾಯಿ ನಗದು ಮುಂಗಡ ಕೊಟ್ಟಿದ್ದೇವೆ ಎಂದು ಇಬ್ಬರು ನ್ಯಾಯಾಲಯದ ಮೆಟ್ಟಿಲು ಹತ್ತಿದ್ದರು. 2025ರ ಏಪ್ರಿಲಿನಲ್ಲಿ ಸುಪ್ರೀಂ ಕೋರ್ಟು ದಾವೆಯನ್ನು ಹೊಸ್ತಿಲಲ್ಲೇ ತಳ್ಳಿಹಾಕಿತು. ಅಷ್ಟಕ್ಕೇ ನಿಲ್ಲಲಿಲ್ಲ. ಎರಡು ಲಕ್ಷ ಅಥವಾ ಅದಕ್ಕೆ ಮೇಲ್ಪಟ್ಟು ನಗದು ಕೊಟ್ಟೆ ಎಂದು ಯಾರಾದರೂ ದಾವೆಯಲ್ಲಿ ಬರೆದರೆ ನ್ಯಾಯಾಲಯಗಳು ಆದಾಯ ತೆರಿಗೆ ಇಲಾಖೆಗೆ ತಿಳಿಸಬೇಕು, ನೋಂದಣಿಗೆ ಬಂದ ಪತ್ರದಲ್ಲಿ ಹಾಗಿದ್ದರೆ ಉಪನೋಂದಣಾಧಿಕಾರಿಯೂ ತಿಳಿಸಬೇಕು ಎಂದಿತು. ಇದನ್ನು ಬ್ರೋಕರಣ್ಣನಿಗೆ ವಿವರಿಸಿದರೆ ಅವನು ಗಂಭೀರವಾಗಿ ಕೇಳಿ ತಲೆದೂಗುತ್ತಾನೆ. "ಅದಕ್ಕೇ ಸಾರ್ ನಾನು ಹೇಳೋದು, ಕ್ಯಾಶ್ ವಿಷ್ಯ ಎಲ್ಲೂ ಬರೀಬಾರ್ದು." ಬರೆಯದೆ ಕೊಟ್ಟ ದುಡ್ಡನ್ನು ಮರಳಿ ಕೇಳುವುದು ಹೇಗೆ ಎಂಬ ಪ್ರಶ್ನೆ ಪಠ್ಯಕ್ರಮದ ಹೊರಗಿನದು.

ನಮ್ಮಲ್ಲಿ ಏಜೆಂಟರಿಗೆ ಕಾನೂನೇ ಇಲ್ಲ ಅಂತಲ್ಲ. 2016ರ ರೇರಾ ಕಾಯ್ದೆಯ 9ನೇ ಕಲಮಿನಡಿ ನೋಂದಣಿ ಬೇಕು. 10ನೇ ಕಲಮಿನಡಿ ಸುಳ್ಳು ಭರವಸೆ ಕೊಡಬಾರದು, ಲೆಕ್ಕ ಇಡಬೇಕು, ಕೊಳ್ಳುವವರಿಗೆ ಸಲ್ಲಬೇಕಾದ ದಾಖಲೆ ಒದಗಿಸಬೇಕು. ತಪ್ಪಿದರೆ ದಿನಕ್ಕೆ ಹತ್ತು ಸಾವಿರ ದಂಡ, ಮಾರಿಸಿದ ಸ್ವತ್ತಿನ ಬೆಲೆಯ ಐದು ಪರ್ಸೆಂಟಿನ ತನಕ. ಓದಲು ಎಷ್ಟು ಚಂದ! ಆದರೆ ಅದೆಲ್ಲ ರೇರಾದಲ್ಲಿ ನೋಂದಣಿಯಾದ ಯೋಜನೆಗಳ ಮಾತು, ಗಾಜಿನ ಕಚೇರಿ, ಕೊರಳಪಟ್ಟಿಯವರ ಮಾತು. ಕನಕಪುರ ರಸ್ತೆಯ ಒಳಗೆ ಕೈಯಿಂದ ಕೈಗೆ ದಾಟುವ ಥರ್ಟಿ-ಫಾರ್ಟಿ ಸೈಟಿಗೆ ಮಧ್ಯಸ್ಥನಾಗಿ ನಿಲ್ಲುವ ನಮ್ಮವನನ್ನು ಯಾವ ರಿಜಿಸ್ಟರಿನಲ್ಲಿ ಹುಡುಕುತ್ತೀರಿ?

ಕ್ರಯಪತ್ರವನ್ನೇ ಬಿಡಿಸಿ ನೋಡಿ. ಮಾರಿದವರ ಹೆಸರಿದೆ, ಅವರ ತಂದೆಯ ಹೆಸರಿದೆ. ಕೊಂಡವರದಿದೆ. ಚಕ್ಕುಬಂದಿಯಲ್ಲಿ ಪೂರ್ವಕ್ಕೆ ಯಾರು, ಪಶ್ಚಿಮಕ್ಕೆ ಯಾರು ಎಂದು ಈ ವ್ಯವಹಾರಕ್ಕೆ ಸಂಬಂಧವೇ ಇಲ್ಲದ ನೆರೆಯವರ ಹೆಸರೂ ಇದೆ. ಪತ್ರ ಬರೆದವರ ಸಹಿ ಇದೆ. ಇಷ್ಟೂ ಜನರನ್ನು ಒಂದೇ ಬೆಳಗ್ಗೆ ಒಂದೇ ಕಚೇರಿಯಲ್ಲಿ ಕೂಡಿಸಿದವನ ಹೆಸರು ಎಲ್ಲಿಯೂ ಇಲ್ಲ. ಸಾಕ್ಷಿ ಹಾಕಪ್ಪ ಎಂದರೆ ಕನ್ನಡಕ ಮರೆತುಬಂದಿರುತ್ತಾನೆ, ಬೇಕರಿ ಹುಡುಗನನ್ನು ಕರೆಸುತ್ತಾನೆ. ಒಮ್ಮೆ ಒಬ್ಬ ರಿಟೈರ್ಡ್ ಮೇಷ್ಟ್ರು ಹಟ ಹಿಡಿದು, ಮಧ್ಯವರ್ತಿಯ ಹೆಸರು, ವಿಳಾಸ, ಪಡೆದ ಕಮಿಷನ್ನು ಎಂದು ಪತ್ರದಲ್ಲೊಂದು ಸಾಲು ಸೇರಿಸೋಣ, ನ್ಯಾಯ ಅಲ್ಲವೇ ಎಂದರಂತೆ. ಮೂರು ತಿಂಗಳು ಓಡಾಡಿ ಕುದುರಿಸಿದ ವ್ಯವಹಾರವನ್ನು ಬ್ರೋಕರಣ್ಣ ಅಂದೇ ಕೈಬಿಟ್ಟ. ನಂಬಿಕೆ ಇಲ್ಲದ ಕಡೆ ತಾನು ಕೆಲಸ ಮಾಡುವುದಿಲ್ಲ ಎಂದನಂತೆ.

ಮಂಡ್ಯದ ಅಕ್ಕ ಒಂದು ದಿನ ಬರುತ್ತಾರೆ, ವಕೀಲರ ಮೂಲಕ. ಪಾಲಿನ ದಾವೆಯಲ್ಲಿ ತಮ್ಮಂದಿರು ಮೊದಲ ಪ್ರತಿವಾದಿಗಳು, ಸೈಟು ಕೊಂಡವರು ಸಾಲಾಗಿ ಕೆಳಗೆ. ಸಮನ್ಸ್ ಹಿಡಿದುಕೊಂಡು ನೀವು ಫೋನು ಮಾಡುತ್ತೀರಿ. ನಂಬರು ಬದಲಾಗಿಲ್ಲ, ಅಷ್ಟರಮಟ್ಟಿಗೆ ಅವನು ಪ್ರಾಮಾಣಿಕ.

"ಏನಣ್ಣಾ, ಡಾಕ್ಯುಮೆಂಟ್ ಎಲ್ಲಾ ಪಕ್ಕಾ ಅಂದಿದ್ರಿ?"

"ಡಾಕ್ಯುಮೆಂಟ್ ಪಕ್ಕಾನೇ ಸಾರ್. ಜನ ಸರಿಯಿಲ್ಲ."

"ಈಗೇನು ಮಾಡ್ಲಿ?"

"ಟೆನ್ಷನ್ ಮಾಡ್ಕೋಬೇಡಿ ಸಾರ್. ಆ ಸೈಟಿಗೆ ನನ್ನ ಹತ್ರ ಪಾರ್ಟಿ ಇದೆ. ಸಾಫ್ಟ್‌ವೇರ್ ಹುಡುಗ, ಊರಿಂದ ಅಪ್ಪ ಅಮ್ಮನ್ನ ಕರ್ಕೊಂಡು ಬಂದು ನೋಡ್ಕೊಂಡು ಹೋದ, ತುಂಬ ಇಷ್ಟ ಆಗಿದೆ. ಕೇಸಿನ ವಿಷ್ಯ ನೀವು ಬಾಯಿ ಬಿಡಬೇಡಿ, ಇಸಿನಲ್ಲಿ ಬರಲ್ಲ. ಸ್ವಲ್ಪ ಬೇಗ ಹೇಳಿ ಸಾರ್, ಶುಕ್ರವಾರ ದಿನ ಚೆನ್ನಾಗಿದೆಯಂತೆ. ನಂದು ಅದೇ, ಎರಡು ಪರ್ಸೆಂಟು."